ಸೀಮೆಸುಣ್ಣದ ಅಂಗಡಿ

ನಮ್ಮ ಅತ್ತಿಗೆ ಯಾವುದನ್ನೂ ಅವಸರದಲ್ಲಿ ಕತ್ತರಿಸಿದವರಲ್ಲ. ಮದುವೆಯಾಗಿ ಬರುವಾಗಲೇ ಹೊಲಿಗೆ ಯಂತ್ರವನ್ನು ಜೊತೆಗೆ ತಂದವರು. ಯಾರದೇ ಅಂಗಿಯಾಗಲಿ, ಮೊದಲು ಹಳೆಯ ಪೇಪರಿನಲ್ಲಿ ಕತ್ತರಿಸಿ, ಆ ಪೇಪರನ್ನು ಬಟ್ಟೆಯ ಮೇಲೆ ಹರಡಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಮತ್ತೊಮ್ಮೆ ನೋಡಿ, ಆಮೇಲೆಯೇ ಕತ್ತರಿ ಹಿಡಿಯುವುದು. ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಟ್ಟೇ ಬಿಡುತ್ತಾರೆ, ಮುಂದೆ ಬಿಚ್ಚಿ ಸಡಿಲ ಮಾಡಬೇಕಾದೀತು ಎಂದು. ಯಾಕೆ ಎಂದು ಯಾರಾದರೂ ಕೇಳಿದರೆ, ಮನುಷ್ಯ ಅಂದಮೇಲೆ ಹಿಗ್ಗೇ ಹಿಗ್ಗುತ್ತಾನೆ ಎನ್ನುತ್ತಾರೆ. ಅದು ಹೊಟ್ಟೆಯ ಮಾತೋ ಸಂತೋಷದ ಮಾತೋ ನನಗೆ ಇವತ್ತಿಗೂ ತಿಳಿದಿಲ್ಲ.

ಅಂಥವರ ಕೈಗೆ ನಮ್ಮ ಅಂಗಡಿಯನ್ನು ಹೊಸದಾಗಿ ಕಟ್ಟಿಸುವ ಕೆಲಸ ಸಿಕ್ಕಿತು.

ನಮ್ಮದು ಮೊಳೆ, ತಿರುಪು, ನಲ್ಲಿ, ಪೈಪು, ಬಾಗಿಲ ಚಿಲಕ ಮಾರುವ ಅಂಗಡಿ. ಅಪ್ಪ ತೆರೆದದ್ದು, ಅಣ್ಣ ಬೆಳೆಸಿದ್ದು, ನಾನು ಗೊಣಗಿಕೊಂಡು ನಡೆಸುತ್ತಿರುವುದು. ಸೂರು ಬಿರುಕು ಬಿಟ್ಟಿತ್ತು. ಒಂದು ಸಲ ಗಿರಾಕಿಗೆ ಮೊಳೆ ತೂಗುತ್ತಿರುವಾಗಲೇ ಕಾಂಕ್ರೀಟಿನ ಚೂರೊಂದು ತಕ್ಕಡಿಗೆ ಬಿತ್ತು. ಅಣ್ಣ ಅದನ್ನು ಎತ್ತಿ ಆಚೆಗಿಟ್ಟು, "ಇದು ಪುಕ್ಕಟೆ, ತೂಕಕ್ಕೆ ಸೇರಿಸಿಲ್ಲ" ಎಂದ. ಗಿರಾಕಿ ನಕ್ಕ. ನನಗೆ ನಗು ಬರಲಿಲ್ಲ. ಬೀದಿಯ ಮೂಲೆಯಲ್ಲಿ ದೊಡ್ಡ ಅಂಗಡಿಯೊಂದು ಬಂದಿತ್ತು. ಅಲ್ಲಿ ಜನ ತಾವೇ ಒಳಗೆ ಓಡಾಡಿ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ನಮ್ಮ ಹಳೆಯ ಗಿರಾಕಿಗಳು ಆ ಅಂಗಡಿಯ ಚೀಲ ಹಿಡಿದು, ನಮ್ಮ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಕಟ್ಟುವುದೇ ಆದರೆ ಅಂಥದ್ದನ್ನೇ ಕಟ್ಟಬೇಕು ಎಂದು ನಾನು ಹಟ ಹಿಡಿದೆ.

ಅಣ್ಣನ ಕಣ್ಣಿನ ವಿಷಯ ನನಗೆ ತಡವಾಗಿ ತಿಳಿಯಿತು, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅವನ ದೃಷ್ಟಿ ಮೆಲ್ಲಗೆ ಆರುತ್ತಿತ್ತು. ನಿಲ್ಲಿಸುವ ಔಷಧವಿಲ್ಲ ಎಂದು ವೈದ್ಯರು ಅತ್ತಿಗೆಯ ಮುಂದೆಯೇ ಹೇಳಿದ್ದರು. ಮನೆಯಲ್ಲಿ ಮಾತ್ರ ಗಂಡಹೆಂಡಿರಿಬ್ಬರೂ ಕನ್ನಡಕ ಬದಲಾಯಿಸಬೇಕಂತೆ ಎಂದು ಸುಳ್ಳು ಹೇಳಿದ್ದರು. ಹಳೆಯ ಅಂಗಡಿಯಲ್ಲಿ ಅವನಿಗೆ ಕಣ್ಣೇ ಬೇಕಿರಲಿಲ್ಲ. ಕುಳಿತಲ್ಲಿಂದಲೇ ಕೈ ಚಾಚಿ ಒಂದೂವರೆ ಇಂಚಿನ ತಿರುಪು ಕೇಳಿದವರಿಗೆ ಒಂದೂವರೆ ಇಂಚಿನದನ್ನೇ ಕೊಡುತ್ತಿದ್ದ. ಹೊಸದರಲ್ಲಿ ಎಲ್ಲವೂ ಜಾಗ ಬದಲಿಸುತ್ತದೆ. ಇನ್ನೂ ಒಂದಿಷ್ಟು ಬೆಳಕು ಇರುವಾಗಲೇ ಅವನು ಹೊಸ ಅಂಗಡಿಯನ್ನು ಕಣ್ಣಿಂದ ಕಲಿತುಬಿಡಬೇಕು, ಆಮೇಲೆ ಕೈ ತಾನಾಗಿ ಹೋಗುತ್ತದೆ ಎಂಬುದು ಅತ್ತಿಗೆಯ ಲೆಕ್ಕ. ಇಲ್ಲದಿದ್ದರೆ ಅವನು ಮನೆಯ ಮೂಲೆಯ ಕುರ್ಚಿಗೆ ಸೇರುತ್ತಾನೆ. ಅವರಿಗಿದ್ದ ಭಯ ಅದೊಂದೇ.

ಇದು ಗೊತ್ತಿಲ್ಲದ ನಾನು ಅವರನ್ನು ಕಾಡಿದ್ದೇ ಕಾಡಿದ್ದು. ಕಪಾಟುಗಳನ್ನೆಲ್ಲ ಪೇಪರಿನಲ್ಲಿ ಕತ್ತರಿಸಿ ಊಟದ ಮೇಜಿನ ತುಂಬ ಹರಡಿದ್ದರು. ತಟ್ಟೆ ಇಡಲು ಪೈಪಿನ ವಿಭಾಗವನ್ನು ಸರಿಸಬೇಕಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಕೇಳಿದ್ದೆ, ನೀವು ಕೂಸಿನ ಮದುವೆಗೇ ಬಟ್ಟೆ ಹೊಲಿಯುತ್ತಿದ್ದೀರಿ ಎಂದೆ. ಅವರು ಪೇಪರಿನ ಬಣ್ಣದ ಡಬ್ಬಗಳನ್ನು ಕಿಟಕಿಯಿಂದ ದೂರ ಸರಿಸಿದರು. ಮರುದಿನ ಮತ್ತೆ ಹತ್ತಿರ ತಂದರು. ಮೇಸ್ತ್ರಿಗೆ ಬೇಗ ಶುರು ಮಾಡಿ ಎಂದು ದುಂಬಾಲು ಬೀಳುವವರೂ ಅವರೇ, ಅವನು ಬಂದಾಗ ಇನ್ನೊಂದು ಸಲ ಅಳೆಯೋಣ ಎಂದು ವಾಪಸು ಕಳಿಸುವವರೂ ಅವರೇ. ಹೀಗೆ ಬೇಸಿಗೆ ಕಳೆಯಿತು, ಮಳೆ ಕಳೆಯಿತು, ಚಳಿಯೂ ಬಂದು ಹೋಯಿತು. ಪ್ರತಿಯೊಂದು ಬದಲಾವಣೆಯನ್ನೂ ಅಣ್ಣನಿಗೆ ತೋರಿಸುತ್ತಿದ್ದರು. ಅವನು ಪೇಪರಿನ ಮೇಲೆ ಬಾಗಿ, ಚೆನ್ನಾಗಿದೆ, ಇದು ಮೊದಲಿಗಿಂತ ಚೆನ್ನಾಗಿದೆ ಎನ್ನುತ್ತಿದ್ದ.

ಕೊನೆಗೂ ನಕ್ಷೆ ಗಟ್ಟಿಯಾಯಿತು. ಹಳೆಯದನ್ನು ಒಡೆಯುವುದಕ್ಕೆ ಮುಂಚೆ ಒಮ್ಮೆ ಹೊಸ ಅಂಗಡಿಯಲ್ಲಿ ನಡೆದು ನೋಡಬೇಕು ಎಂದು ಅತ್ತಿಗೆ ಮನೆಯ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಇಡೀ ಅಂಗಡಿಯನ್ನೇ ಬರೆದರು. ಗೋಡೆ, ಬಾಗಿಲು, ಗಲ್ಲಾ, ಕಪಾಟುಗಳ ಸಾಲು, ಎಲ್ಲವೂ ನಿಜವಾದ ಅಳತೆಯಲ್ಲಿ. ಮಂಡಿ ಊರಿ ಬರೆದು ಬರೆದು ಸೀರೆಯೆಲ್ಲ ಬಿಳಿಯಾಗಿತ್ತು. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಕಂಡು ಬಹಳ ಕಾಲವಾಗಿತ್ತು. ಮೇಸ್ತ್ರಿ ಬಂದ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ, ನಾವೆಲ್ಲ ನಕ್ಕೆವು. ನಾನೂ ಗಿರಾಕಿಯ ಹಾಗೆ ಸಾಲುಗಳ ನಡುವೆ ಸುತ್ತಾಡಿದೆ. ಆಮೇಲೆ ಅತ್ತಿಗೆ ಅಣ್ಣನನ್ನು ಕರೆದು, ಗಲ್ಲಾದ ಹತ್ತಿರ ಹೋಗಿ ನಿಲ್ಲಿ ಎಂದರು.

ಅಣ್ಣ ಪಕ್ಕದ ಗೋಡೆಯನ್ನು ತುಳಿದು ಒಳಗೆ ಬಂದ. ಮೊಳೆಗಳ ಕಪಾಟಿನ ಮೇಲೆ ನಡೆದ. ಬಣ್ಣದ ಡಬ್ಬಗಳ ಮಧ್ಯೆ ಹಾದು, ಹಿಂಗೋಡೆಯನ್ನೂ ದಾಟಿ, ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತು, "ಇಲ್ಲೇ ತಾನೆ?" ಎಂದ.

"ಯಜಮಾನ್ರು ಗೋಡೆ ಒಳಗಿಂದಾನೇ ಹೋಗ್ಬಿಟ್ರಲ್ಲ," ಎಂದು ಮೇಸ್ತ್ರಿ ನಕ್ಕ.

ನಾನೂ ನಕ್ಕೆ. ಅತ್ತಿಗೆಯ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಅವರು ಅಣ್ಣನ ಹತ್ತಿರ ಹೋಗಿ ತೋಳು ಹಿಡಿದರು.

"ಗೆರೆ ಕಾಣ್ತಿದ್ಯೇನ್ರೀ?"

ಅಣ್ಣ ನೆಲದ ಕಡೆ ಬಾಗಿದ. "ಯಾವ ಗೆರೆ?" ಎಂದ.

ಮೇಸ್ತ್ರಿಯನ್ನು ಕಳಿಸಿದ ಮೇಲೆ ಎಲ್ಲವೂ ಹೊರಬಿತ್ತು. ಅವನಿಗೆ ಬಿಸಿಲು ನೆರಳು ಬಿಟ್ಟು ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಮೇಜಿನ ಮೇಲಿನ ಪೇಪರುಗಳು ಚಳಿಗಾಲದಿಂದಲೇ ಕಾಣುತ್ತಿರಲಿಲ್ಲವಂತೆ. ಯಾಕೆ ಹೇಳಲಿಲ್ಲ ಎಂದು ನಾನು ಕೂಗಾಡಿದೆ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಸಿಟ್ಟಿನ ಅಡಿಯಲ್ಲಿ ಅಳು. ಅಣ್ಣ ನನಗಲ್ಲ, ಅತ್ತಿಗೆಗೆ ಉತ್ತರ ಕೊಟ್ಟ.

"ನೀನು ಅಷ್ಟು ಆಸೆಯಿಂದ ಮಾಡ್ತಿದ್ದೆ. ಹೇಳಿದ್ರೆ ನೀನು ಅವತ್ತೇ ಎಲ್ಲ ಮಡಚಿಟ್ಬಿಡ್ತಿದ್ದೆ."

ಅತ್ತಿಗೆ ಅಲ್ಲೇ ನೆಲದ ಮೇಲೆ, ಗಲ್ಲಾದ ಗೆರೆಯ ಒಳಗೆ ಕುಳಿತುಬಿಟ್ಟರು. "ಎಲ್ಲದಕ್ಕೂ ಒಳಗೆ ಬಟ್ಟೆ ಬಿಟ್ಟಿದ್ದೆ," ಎಂದರು. "ದಿನಗಳಿಗೆ ಮಾತ್ರ ಬಿಡ್ಲಿಲ್ಲ."

ಆಮೇಲೆ ಅವರೇ ಎದ್ದು, ಹಳೆಯ ಅಂಗಡಿ ಹೇಗಿದೆಯೋ ಹಾಗೇ ಕಟ್ಟಿಸೋಣ, ಒಂದು ಗೂಡೂ ಬದಲಾಗುವುದು ಬೇಡ ಎಂದರು. ನನಗೆ ಹೂಂ ಎನ್ನಲು ಮನಸ್ಸಿರಲಿಲ್ಲ, ಉಹೂಂ ಎನ್ನಲು ಮುಖವಿರಲಿಲ್ಲ. ಅಣ್ಣನೇ ಒಪ್ಪಲಿಲ್ಲ. ಹಳೆಯ ಅಂಗಡಿಗೆ ಈಗಲೇ ಜನ ಬರುತ್ತಿಲ್ಲ, ಇನ್ನು ಅದನ್ನೇ ಹೊಸ ಇಟ್ಟಿಗೆಯಲ್ಲಿ ಕಟ್ಟಿದರೆ ಬರುತ್ತಾರೆಯೇ, ತಮ್ಮನ ಸಂಸಾರ ಏನಾಗಬೇಕು ಎಂದು ಕೇಳಿದ. ಇಬ್ಬರೂ ಒಬ್ಬರಿಗಾಗಿ ಒಬ್ಬರು ಜಗಳವಾಡಿ, ಸೋತು, ಊಟ ಮಾಡದೆ ಮಲಗಿದರು.

ಬೆಳಿಗ್ಗೆ ನಾನು ತಾರಸಿಗೆ ಹೋದಾಗ ಅತ್ತಿಗೆ ಆಗಲೇ ಅಲ್ಲಿದ್ದರು. ನಮ್ಮ ಅಂಗಡಿಯಿಂದಲೇ ದಪ್ಪನೆಯ ತೆಂಗಿನ ನಾರಿನ ಹಗ್ಗದ ಸುರುಳಿ ತಂದು, ಸೀಮೆಸುಣ್ಣದ ಗೆರೆಯ ಮೇಲೆ ಹಾಸಿ, ಅಲ್ಲಲ್ಲಿ ಕಲ್ಲು ಹೇರುತ್ತಿದ್ದರು. ಇವರು ಕಾಲಲ್ಲಿ ಕಲಿಯುವ ತನಕ ಒಡೆಯುವುದು ಬೇಡ ಎಂದು ಮೇಸ್ತ್ರಿಗೆ ಹೇಳಿಯಾಗಿತ್ತಂತೆ. ಅವನು ರೇಗಿ, ಆಳುಗಳನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ, ಇನ್ನು ಮಳೆಗಾಲ ಕಳೆದ ಮೇಲೆ ನೋಡೋಣ, ಅಲ್ಲಿಯ ತನಕ ಸೂರು ಬಿದ್ದರೆ ನನ್ನನ್ನು ಕೇಳಬೇಡಿ ಎಂದಿದ್ದ. ಹೇಳುತ್ತಲೇ ಅತ್ತಿಗೆ ಹಗ್ಗವನ್ನು ಬಿಗಿಯಾಗಿ ಎಳೆಯುತ್ತಿದ್ದರು. ನಾನು ಇನ್ನೊಂದು ತುದಿ ಹಿಡಿದೆ.

ಈಗ ದಿನವೂ ಅಂಗಡಿ ತೆರೆಯುವ ಮುನ್ನ ಅಣ್ಣ ಬರಿಗಾಲಲ್ಲಿ ಅಲ್ಲಿ ನಡೆಯುತ್ತಾನೆ. ಎಡವುತ್ತಾನೆ, ದಾರಿ ತಪ್ಪುತ್ತಾನೆ, ಒಂದು ದಿನ ರೇಗಿ ಹಗ್ಗವನ್ನು ಒದ್ದ. ಅವನು ಕಲಿಯುವುದು ಮೊದಲೋ, ನಮ್ಮ ಸೂರು ಬೀಳುವುದು ಮೊದಲೋ, ಯಾರಿಗೂ ಗೊತ್ತಿಲ್ಲ. ತಕ್ಕಡಿಗೆ ಈಗಲೂ ಚೂರು ಬೀಳುತ್ತದೆ.

ನಿನ್ನೆ ಅವನು ಹಿಂಗೋಡೆಯ ಹಗ್ಗದ ಮೇಲೆ ಪಾದ ಇಟ್ಟು ನಿಂತ. "ಇದು ಗೋಡೆ," ಎಂದ. ತಿರುಗಿ ಗಲ್ಲಾದ ತನಕ ಬಂದು ಕುಳಿತ. ಅತ್ತಿಗೆ ಗಿರಾಕಿಯ ಹಾಗೆ ಎದುರು ನಿಂತು, ಒಂದೂವರೆ ಇಂಚಿನ ತಿರುಪು ಕೊಡಿ ಎಂದರು. ಅಣ್ಣ ಬಲಗೈ ಚಾಚಿದ. ಅಲ್ಲಿ ಕಪಾಟಿರಲಿಲ್ಲ, ಬರೀ ಗಾಳಿ. ಕೈ ಹಾಗೇ ನಿಂತಿತು. ನಾನು ಕಪಾಟು ಬರಬೇಕಾದ ಜಾಗದಲ್ಲಿ ನಿಂತು, ಅಂಗಡಿಯಿಂದ ತಂದಿದ್ದ ತಿರುಪಿನ ಡಬ್ಬವನ್ನು ಆ ಎತ್ತರಕ್ಕೆ ಹಿಡಿದೆ.