ಕೆಂಪು ಆಪಿಯ ಬಾವಿ

ಬೆಳಕು ಹರಿಯುವ ಮೊದಲೇ ತೊಮಾಸಾ ಬಕೆಟ್ಟಿನ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆಯಬೇಕು. ನೆನೆಹಾಕಿದ ಒಣ ಆಲೂಗಡ್ಡೆ ಹಿಂಡಿ ಗಂಡ ಲೀನೋನ ಬುತ್ತಿಗೆ ಬೇಯಿಸಬೇಕು. ಅವನ ಗಣಿಬಟ್ಟೆಯ ಹಳದಿ ಕೆಸರು ಉಜ್ಜಿ ತೆಗೆಯಬೇಕು, ಮಗಳಿಗೆ ಎರಡು ಜಡೆ ಹಾಕಬೇಕು, ಅತ್ತೆ ಕಸಿಲ್ದಾಳ ಜೊತೆ ಮಾರುವ ಆಪಿಯ ಪಾತ್ರೆ ಹಿಡಿದು ಬೀದಿಮೂಲೆಗೆ ಸಾಗಿಸಬೇಕು. ಅಷ್ಟರಲ್ಲಿ ಲೀನೋ ಎದ್ದು, ಕಾಲುಚೀಲ ಎಲ್ಲಿ ಎಂದು ಕೇಳುತ್ತಿದ್ದ.

ಓರುರೊ ನಗರದಿಂದ ಮೇಲಕ್ಕಿರುವ ನಮ್ಮ ಗಣಿಯೂರಿನಲ್ಲಿ ನೇರಳೆ ಮೆಕ್ಕೆಜೋಳದ ಬಿಸಿ ಗಂಜಿ ಆಪಿ ಕುಡಿಯದೆ ಯಾರ ಬೆಳಗೂ ಆಗುವುದಿಲ್ಲ. ಉಳಿದವರ ಆಪಿ ನೇರಳೆ. ಕಸಿಲ್ದಾಳದ್ದು ಥಳಥಳಿಸುವ ಕೆಂಪು. ಸಾಂತಾ ರೀತಾ ಬಾವಿಯ ನೀರೇ ಅದಕ್ಕೆ ಕಾರಣವೆಂದು ಎಲ್ಲರಿಗೂ ಗೊತ್ತಿತ್ತು. ಹಬ್ಬದ ಆಪಿಗೆ ಹೆಂಗಸರು ಮನೆಮುಂದೆ ನಲ್ಲಿಯಿದ್ದರೂ ಅಲ್ಲಿಂದ ಹೊತ್ತು ತರುತ್ತಿದ್ದರು; ನಲ್ಲಿಯಿಲ್ಲದ ಮನೆಗಳಲ್ಲಿ ದಿನವೂ ಕುಡಿಯಲು ಅದೇ ನೀರು. “ನನ್ನ ಆಪಿಗೆ ನಿಂಬೆ ಹಿಂಡೋದೇ ಬೇಡ” ಎಂದು ಕಸಿಲ್ದಾ ಜಂಬ ಪಡುತ್ತಿದ್ದಳು. ಸೊಸೆ ಟೀಚರಾಗಿದ್ದು ಆ ಪಾತ್ರೆಯಿಂದಲೇ. ಅವಳು ಓದಲು ಹೋದಾಗ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಆಪಿ ತಿರುವಿದವಳು ಅತ್ತೆಯೇ.

ತೊಮಾಸಾ ಮಾಧ್ಯಮಿಕ ಶಾಲೆಯಲ್ಲಿ ವಿಜ್ಞಾನ, ತಂತ್ರಜ್ಞಾನ ಕಲಿಸುತ್ತಿದ್ದಳು; ಟೀಚರಾದ್ದರಿಂದ ಊರಿಗೆಲ್ಲ ಅವಳು ‘ಪ್ರೊಫೆ’. ಕೆಟ್ಟ ರೇಡಿಯೊಗಳೇ ಅವಳ ಪ್ರಯೋಗಾಲಯ. ತಂತಿ ಬೆಸೆಯುವವರು ಹುಡುಗಿಯರು, ಗಾಜು ತೊಳೆಯುವವರು ಹುಡುಗರು ಎಂಬುದು ಅಲ್ಲಿನ ನಿಯಮ. ಮಕ್ಕಳು ಜ್ವರ ಬಂದರೂ ಅವಳ ತರಗತಿ ತಪ್ಪಿಸುತ್ತಿರಲಿಲ್ಲ.

ಆ ವಾರ ಅವಳು ಮೆಕ್ಕೆಜೋಳ ಬೇಯಿಸಿದ ನೀರು ತಂದಿದ್ದಳು. ನಿಂಬೆರಸ ಬೆರೆಸಿದರೆ ಕೆಂಪಾಯಿತು, ಸೋಪು ಹಾಕಿದರೆ ಹಸಿರಿಗೆ ತಿರುಗಿತು. ಮಕ್ಕಳು ತಮ್ಮ ಹೆಸರಿನ ಚೀಟಿ ಅಂಟಿಸಿದ ಲೋಟಗಳಲ್ಲಿ ಮನೆಯಿಂದ ತಂದ ಕುಡಿಯುವ ನೀರನ್ನೂ ಬೆರೆಸಿದರು. ಸಾಂತಾ ರೀತಾದ ನೀರಿದ್ದ ಲೋಟಗಳೆಲ್ಲ ಕೆಂಪಾದವು.

“ಪ್ರೊಫೆ, ನಿಂಬೆಗೂ ಹೀಗೇ ಆಯ್ತಲ್ಲ? ಬಾವೀಲಿ ಹುಳಿ ಇದೆಯಾ?” ನಾಯ್ರಾ ಎಂಬ ಹುಡುಗಿ ಕೇಳಿದಳು.

“ಆಮ್ಲ ಇದೆ.”

“ಎಲ್ಲಿಂದ ಬಂತು?”

ತೊಮಾಸಾ ಕಿಟಕಿಯತ್ತ ನೋಡಿದಳು. ಬಾವಿಯ ಹಿಂದೆ ಗಣಿಯವರು ಸುರಿದ ಕಲ್ಲುಕಸದ ಹಳದಿ ಗುಡ್ಡೆ ಕಾಣುತ್ತಿತ್ತು. “ಆ ಗುಡ್ಡೆಯಿಂದ ಇಳಿದಿರಬೇಕು. ಅಂಥ ನೀರು ಕಲ್ಲೊಳಗಿನ ಸೀಸದ ವಿಷಾನೂ ಕರಗಿಸ್ಕೊಂಡು ಬರಬಹುದು. ನಗರದಲ್ಲಿ ಪರೀಕ್ಷೆ ಮಾಡಿಸೋವರೆಗೂ ಯಾರೂ ಕುಡೀಬೇಡಿ.”

ಬೆಳಿಗ್ಗೆ ಎಲ್ಲರೂ ಆ ನೀರನ್ನೋ ಕಸಿಲ್ದಾಳ ಆಪಿಯನ್ನೋ ಕುಡಿದೇ ಬಂದಿದ್ದರು. “ನನ್ನ ತಮ್ಮನಿಗೆ ಹೊಟ್ಟೆನೋವು ವಾಸಿನೇ ಆಗ್ತಿಲ್ಲ” ಎಂದಳು ನಾಯ್ರಾ.

ಸಂಜೆ ಗಣಿ ಸಂಘದ ಅಧ್ಯಕ್ಷ ದೋನ್ ಮೆಲ್ಚೋರ್ ಮನೆಗೇ ಬಂದ. “ಶನಿವಾರ ಚೌಕದಲ್ಲಿ ಊರಿಗೆಲ್ಲ ಆ ಬಣ್ಣದ ನೀರಿನ ಮಕ್ಕಳಾಟ ತೋರಿಸ್ತೀರಂತೆ ಪ್ರೊಫೆ. ಎಲ್ಲಾ ಲೋಟಕ್ಕೂ ಶಾಲೆ ತೊಟ್ಟಿಯ ಮಳೆನೀರು ಹಾಕಿ. ಬಾವಿ ಮುಚ್ಚಿದ್ರೆ ನಾಳೆ ಗಣಿ ಮುಚ್ಚಿ ಅಂತಾರೆ. ಆಮೇಲೆ ನಿಮ್ಮ ಲೀನೋ ಮನೇಲಿ ಕೂತು ತಟ್ಟೆ ತೊಳೀತಾನಾ?”

“ತೊಳೆದ್ರೆ ಒಳ್ಳೇದೇ ದೋನ್ ಮೆಲ್ಚೋರ್. ಈವರೆಗೆ ಒಂದೂ ತೊಳೆದಿಲ್ಲ.”

ಲೀನೋ ತಲೆ ತಗ್ಗಿಸಿ ಬೂಟಿನ ಕೆಸರು ಕೆರೆಯುತ್ತಿದ್ದ. ಮೆಲ್ಚೋರ್ ಹೋದ ಮೇಲೆ ಕಸಿಲ್ದಾ ಬಾಯಿಬಿಟ್ಟಳು.

“ಊರಿಗೆಲ್ಲ ನಾನು ವಿಷ ಕುಡಿಸ್ದೆ ಅಂತೀಯಾ ಮಗಳೇ?”

“ನಿಮಗೆ ಗೊತ್ತಿರ್ಲಿಲ್ಲ ಅತ್ತೆ.”

“ಅದನ್ನ ಯಾರು ಕೇಳ್ತಾರೆ? ಗುಡ್ಡೆ ಸುರಿದವರನ್ನ ಯಾರೂ ಬಯ್ಯಲ್ಲ. ಸೌಟು ಹಿಡಿದವಳ ಜುಟ್ಟೇ ಕೈಗೆ ಸಿಗೋದು.”

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಶುಕ್ರವಾರ ನಾಯ್ರಾ ಊದಿದ ಕೆನ್ನೆಯೊಂದಿಗೆ ಬಂದಳು. ಬಾವಿ ನೀರನ್ನು ಶಾಲೆಗೆ ಒಯ್ದಳೆಂದು ಅಪ್ಪ ಹೊಡೆದಿದ್ದ. ಕೆಂಪಾದ ಲೋಟದ ಮೇಲೆ ಅವಳ ಹೆಸರಿತ್ತು.

ಶನಿವಾರ ಮಕ್ಕಳು ಬರುವ ಮೊದಲು ತೊಮಾಸಾ ಒಬ್ಬಳೇ ತರಗತಿಗೆ ಹೋದಳು. ಮಳೆನೀರಿನ ತೊಟ್ಟಿ ಬಾಗಿಲ ಪಕ್ಕದಲ್ಲೇ ಇತ್ತು. ಅದರ ನೀರು ತುಂಬಿಟ್ಟರೆ ಎಲ್ಲ ಲೋಟಗಳೂ ನೇರಳೆಯಾಗಿ ಉಳಿಯುತ್ತವೆ, ಮನೆಯೂ ಉಳಿಯುತ್ತದೆ, ಮಕ್ಕಳು ಕುಡಿಯುತ್ತಲೇ ಇರುತ್ತಾರೆ. ಅವಳು ತೊಟ್ಟಿಯ ಅಂಚಿಗೆ ಕೈಯಿಟ್ಟಳು.

ಆಮೇಲೆ ಒಳಗೆ ಬಂದು ಕೆಂಪು ಲೋಟಗಳ ಮೇಲಿದ್ದ ಮಕ್ಕಳ ಹೆಸರಿನ ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಅಷ್ಟೂ ನೀರನ್ನು ದೊಡ್ಡ ಜಾಡಿಯೊಂದಕ್ಕೆ ಸುರಿದಳು. ಹೊಸ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದಳು: ಸಾಂತಾ ರೀತಾ ಬಾವಿ. ಪರೀಕ್ಷಿಸಿದವಳು ತೊಮಾಸಾ ಕೋಲ್ಕೆ.

ಸಂಜೆ ಅತ್ತೆ ತನಗೆ ಬಾಗಿಲು ತೆರೆಯುವಳೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಜಾಡಿ ಎತ್ತಿಕೊಂಡು ಚೌಕದ ಕಡೆ ನಡೆದಳು.