ಬಳಿ ಅಕ್ಕನ ಬೆನ್ನು

ಹೋದ ವಾರ ಹಳಿಯಾಳದಿಂದ ದಾಂಡೇಲಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಚೀಲದಿಂದ ಸಣ್ಣ ಬಾಟಲಿ ತೆಗೆದು ಮೊಣಕೈಗೆ ಎಣ್ಣೆ ಸವರಿಕೊಂಡಳು. ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ. ಕಿಟಕಿ ತೆರೆದೇ ಇತ್ತು, ಆದರೂ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಊರು ಬಂದದ್ದೇ ನನಗೆ ತಿಳಿಯಲಿಲ್ಲ. ನಮ್ಮ ಬಳಿ ಅಕ್ಕ ನೆನಪಾಗಿದ್ದಳು...

ಬಳಿ ಅಕ್ಕ ಎಂದರೆ ನಮಗೆ ಬಳೆ ತೊಡಿಸುತ್ತಿದ್ದವಳು. ಅವಳಿಗೂ ಒಂದು ಹೆಸರಿತ್ತು, ಆದರೆ ದಾಂಡೇಲಿಯ ಬಂಗೂರನಗರದ ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಯಾರೂ ಅದನ್ನು ಹಿಡಿದು ಕರೆದದ್ದಿಲ್ಲ. ತೇರಗಾಂವದಲ್ಲಿ ಗಂಡ ಹೊಲ ನೋಡಿಕೊಂಡಿದ್ದ, ಇವಳು ಬಳೆಯ ಚೀಲ ಹೊತ್ತು ಬಸ್ಸು ಹತ್ತಿ ಬರುತ್ತಿದ್ದಳು. ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತಳೆಂದರೆ ಸಾಲಿನ ಹೆಂಗಸರೆಲ್ಲ ಸೇರುತ್ತಿದ್ದರು. ಅವಳದೊಂದು ಕಟ್ಟಳೆ ಇತ್ತು. ಒಮ್ಮೆ ಹಿಡಿದ ಕೈಯನ್ನು ಕೊನೆಯ ಬಳೆ ಏರುವವರೆಗೆ ಬಿಡುತ್ತಿರಲಿಲ್ಲ. ಫೋನು ಬರಲಿ, ಒಲೆಯ ಮೇಲೆ ಹಾಲು ಉಕ್ಕಲಿ, ಬಿಡುತ್ತಿರಲಿಲ್ಲ. ನಡುವೆ ಬಿಟ್ಟರೆ ಒಳ್ಳೆಯದಲ್ಲ ಎನ್ನುತ್ತಿದ್ದಳು. ಎಷ್ಟೋ ಸಲ ನನಗೆ ಸಿಟ್ಟು ಬಂದದ್ದುಂಟು, ಆದರೆ ಗಂಟು ಗಂಟಾದ ನನ್ನ ಕೈಗೆ ಅಷ್ಟು ಸಣ್ಣ ಬಳೆಯನ್ನು ನೋವಿಲ್ಲದೆ ಏರಿಸುವವರು ಬೇರೆ ಯಾರೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವಳು ಮೈ ಕೆರೆದುಕೊಳ್ಳತೊಡಗಿದಳು. ಮೊದಮೊದಲು ಮುಂಗೈ, ಆಮೇಲೆ ಕಾಲು, ಆಮೇಲೆ ಬೆನ್ನು. ಮಾತಾಡುತ್ತಲೇ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತಿದ್ದಳು. ಗುಳ್ಳೆಯಿಲ್ಲ, ದದ್ದಿಲ್ಲ, ಕೆರೆದ ಗೀರುಗಳಷ್ಟೇ.

ನಮ್ಮ ಅತ್ತೆಯವರು ಡಾಕ್ಟರಿಗಿಂತ ಮುಂಚೆ ರೋಗ ಹೇಳುವವರು. "ಪಿತ್ತ ಎದ್ದೈತಿ ನಿನಗ. ಕರಿ ಕಂಬಳಿ ಸುತಗೊಂಡು ಮಕ್ಕೊ, ಎಲ್ಲಾ ಇಳೀತೈತಿ" ಎಂದು ತೀರ್ಪು ಕೊಟ್ಟರು. ನಮ್ಮ ಕಡೆ ಮೈ ತುರಿಸಿದರೆ ಎಲ್ಲರೂ ಹೇಳುವುದು ಇದನ್ನೇ. ಒರಟು ಕಂಬಳಿ ಪಿತ್ತವನ್ನು ಹೀರುತ್ತದೆಂದು ನಂಬಿಕೆ. ಅಷ್ಟಕ್ಕೇ ಬಿಡದೆ, ಟ್ರಂಕಿನಿಂದ ತಮ್ಮದೇ ಕಂಬಳಿ ತೆಗೆದುಕೊಟ್ಟರು, ಜೋಯಿಡಾ ಕಡೆಯ ಕೋಕಂ ಕೊಟ್ಟು ಶರಬತ್ತು ಮಾಡಿ ಹೊಟ್ಟೆ ತುಂಬ ಕುಡಿ ಎಂದರು. ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು. ಆ ಸೆಕೆಯಲ್ಲಿ ಕಂಬಳಿ ಹೊದ್ದಳು, ತಂಬಿಗೆಗಟ್ಟಲೆ ಶರಬತ್ತು ಕುಡಿದಳು. ಮೈ ರಕ್ತ ಬರುವಷ್ಟು ಗೀರಾಯಿತು, ಕಾಲು ಬಾತವು. ಕೊನೆಗೆ ಗಂಡ ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಗೊತ್ತಾದದ್ದು, ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು.

ಕಿಡ್ನಿ ಹೋದರೆ ಮೈ ತುರಿಸುತ್ತದೆಂದು ನಮಗ್ಯಾರಿಗೆ ಗೊತ್ತಿತ್ತು? ಸುದ್ದಿ ಕೇಳಿ ಅತ್ತೆ ಆ ದಿನ ಊಟ ಮಾಡಲಿಲ್ಲ. "ನೀರು ಕುಡೀಬಾರದಾಕಿಗೆ ನಾ ಕುಡಿ ಕುಡಿ ಅಂದೆನಲ್ಲವಾ" ಎಂದು ಅದನ್ನೇ ಅನ್ನುತ್ತಿದ್ದರು.

ಡಯಾಲಿಸಿಸ್ ಶುರುವಾಗಿ ಕೆಲವು ತಿಂಗಳ ಮೇಲೆ ಅವಳು ಮತ್ತೆ ಬಂದಳು. ಸೊರಗಿದ್ದಳು. ಎಡಗೈ ಬೋಳಾಗಿತ್ತು. ರಕ್ತ ಶುದ್ಧಿಗೆ ಸೂಜಿ ಹಾಕುವ ಕೈ ಅದು, ಬಿಗಿಯಾದದ್ದೇನೂ ಇರಬಾರದಂತೆ. ತುರಿಕೆ ಕಡಿಮೆಯಾಗಿತ್ತೇ ಹೊರತು ಹೋಗಿರಲಿಲ್ಲ. ಅದರೊಂದಿಗೆ ಬದುಕುವುದನ್ನು ಅವಳು ಕಲಿತಿದ್ದಳು. ಉಗುರು ಬುಡಕ್ಕೆ ಕತ್ತರಿಸಿದ್ದಳು. ಬಿಸಿನೀರಿನ ಸ್ನಾನ ಬಿಟ್ಟಿದ್ದಳು, ಮೈ ಇನ್ನೂ ಹಸಿಯಿರುವಾಗಲೇ ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಊಟದ ಜೊತೆ ಗುಳಿಗೆ ತಪ್ಪಿಸುತ್ತಿರಲಿಲ್ಲ. ತೀರಾ ತಡೆಯದಾದಾಗ ನಮ್ಮಲ್ಲಿ ಒಂದು ಬೋಗುಣಿ ತಣ್ಣೀರು ಕೇಳಿ, ಅದರಲ್ಲಿ ಗಾಜಿನ ಬಳೆಗಳ ಒಂದು ಕಟ್ಟು ಅದ್ದಿ, ಬಲ ಮುಂಗೈ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದಳು. "ಕೆರೆದ್ರ ಇನ್ನಷ್ಟು ಕೇಳತೈತ್ರಿ ಅದು. ತಣ್ಣಗ ಮಾಡಿದ್ರ ಸುಮ್ಮಕಾಗತೈತಿ" ಎನ್ನುತ್ತಿದ್ದಳು, ಹಟಮಾರಿ ಕೂಸಿನ ಬಗ್ಗೆ ಹೇಳುವ ಹಾಗೆ.

ಆದರೆ ಸಾಲಿನ ಹೆಂಗಸರು ಕೈ ಕೊಡಲಿಲ್ಲ. ಒಬ್ಬಳ ಕೈಯಲ್ಲಿ ಆಗಲೇ ಬಳೆ ಇದ್ದವಂತೆ, ಇನ್ನೊಬ್ಬಳಿಗೆ ಅವಸರದ ಕೆಲಸವಂತೆ. ಆ ಕಪ್ಪು ಗೀರುಗಳ ಕೈ ತಮ್ಮ ಕೈ ಮುಟ್ಟುವುದು ಯಾರಿಗೂ ಬೇಡವಾಗಿತ್ತು. "ಅಂಟೂದಲ್ಲರೀ ಇದು" ಎಂದು ಅವಳು ಪ್ರತಿ ಬಾಗಿಲಲ್ಲೂ ಹೇಳಿದಳು. ನಮ್ಮ ಮೆಟ್ಟಿಲಿಗೆ ಬರುವ ಹೊತ್ತಿಗೆ ಹೇಳುವುದನ್ನೂ ಬಿಟ್ಟಿದ್ದಳು. ಕೈ ಕೊಡುವವರಿಲ್ಲದ ಬಳೆಗಾರ್ತಿ ಇನ್ನೇನು ಮಾಡಬೇಕು?

ಆ ವರ್ಷವೇ ನನ್ನ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಿ ಹರಸುವ ಕಾರ್ಯ. ಬಳೆ ತೊಡಿಸಲು ಕರೆದರೆ ಬಳಿ ಅಕ್ಕ ಒಲ್ಲೆ ಎಂದಳು. ಬೋಳು ಕೈಯಲ್ಲಿ ಶುಭಕಾರ್ಯಕ್ಕೆ ಹೆಂಗೆ ಬರಲಿ, ಬೇರೆಯವರನ್ನು ಕರೆಯಿರಿ ಎಂದು ಫೋನಿನಲ್ಲೇ ಹೇಳಿದಳು. ಅತ್ತೆ ತೇರಗಾಂವದ ಬಸ್ಸು ಹತ್ತಿದರು. ಅಲ್ಲಿ ಏನು ಮಾತಾಯಿತೋ, ಇಂದಿಗೂ ನನಗೆ ಹೇಳಿಲ್ಲ. ಕುಬಸದ ದಿನ ಬಳಿ ಅಕ್ಕ ಬಂದಳು.

ಹಜಾರದ ತುಂಬ ಹೆಂಗಸರು. ಅವಳು ಎಲ್ಲರ ಎದುರು ಸಾಬೂನು ಹಚ್ಚಿ ಕೈ ತೊಳೆದು ನನ್ನ ಕೈ ಹಿಡಿದಳು. ನಾಲ್ಕೈದು ಬಳೆ ಏರಿರಬೇಕು, ಮುಂದಿನ ಬಳೆ ಅರ್ಧಕ್ಕೇ ನಿಂತಿತು. ಮುಖ ನೋಡಿದೆ. ಹಲ್ಲು ಕಚ್ಚಿದ್ದಳು, ಕಣ್ಣಲ್ಲಿ ನೀರು. ಬೆನ್ನು ತುರಿಸುತ್ತಿತ್ತು. ಕೈ ಬಿಡುವಂತಿಲ್ಲ, ಕಟ್ಟಳೆ. ಕೂತಲ್ಲೇ ಹೆಗಲು ಹೊರಳಿಸಿದಳು. ಒಬ್ಬಳು ಸೆರಗು ಎಳೆದುಕೊಂಡು ಹಿಂದೆ ಸರಿದದ್ದು ನನಗೆ ಕಂಡಿತು. ಬಳಿ ಅಕ್ಕನಿಗೂ ಕಂಡಿತು.

ಅತ್ತೆ ಆರತಿ ತಟ್ಟೆ ಕೆಳಗಿಟ್ಟರು. ಮೈ ಒರೆಸುವ ಒಂದು ಪಂಚೆ ತಣ್ಣೀರಲ್ಲಿ ಅದ್ದಿ ಹಿಂಡಿ ತಂದು, ರೇಷ್ಮೆ ಸೀರೆಯಲ್ಲೇ ಅವಳ ಹಿಂದೆ ನೆಲದ ಮೇಲೆ ಕೂತು, ಬೆನ್ನಿಗೆ ಇಟ್ಟು ಅಂಗೈಯಿಂದ ಒತ್ತಿದರು.

"ಎಲ್ಲಿ ಹೇಳ."

"ಬ್ಯಾಡ್ರಿ ಅವ್ವಾರ..."

"ಎಲ್ಲಿ ಅಂದೆ."

"ಸ್ವಲ್ಪ ಕೆಳಗ್ರಿ. ಎಡಕ್ಕ."

ಕೊನೆಯ ಬಳೆ ಏರುವವರೆಗೆ ಅತ್ತೆ ಕೈ ತೆಗೆಯಲಿಲ್ಲ. ಆಮೇಲೆ ಎಲ್ಲರೂ ಕೈ ಚಾಚಿದರು ಎಂದರೆ ಸುಳ್ಳಾದೀತು. ಕೆಲವರು ಚಾಚಿದರು. ಕೆಲವರು ಊಟಕ್ಕೆ ಎದ್ದರು. ಆದರೆ ಆ ದಿನದಿಂದ ಅವಳು ನಮ್ಮ ಸಾಲಿಗೆ ಬರುವುದು ತಪ್ಪಲಿಲ್ಲ, ಚೀಲ ಹೊರಲು ಆಗುವಷ್ಟು ದಿನ.

ಮಗಳು ನಡೆಯಲು ಕಲಿಯುವ ಹೊತ್ತಿಗೆ ಬಳಿ ಅಕ್ಕ ಹೋದಳು. ಗಂಡ ಫೋನು ಮಾಡಿ ಹೇಳಿದ. ನಾವು ತೇರಗಾಂವ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಮಗಳೀಗ ಶಾಲೆಗೆ ಹೋಗುತ್ತಾಳೆ. ಅತ್ತೆಗೆ ವಯಸ್ಸಾಗಿದೆ, ಚಳಿಗಾಲದಲ್ಲಿ ಚರ್ಮ ಒಣಗಿ ಬೆನ್ನು ತುರಿಸುತ್ತದೆ. ನಿನ್ನೆ ಮಧ್ಯಾಹ್ನ ನನ್ನನ್ನು ಕರೆದರು. ಹಿಂದೆ ಕೂತು ಅಂಗೈ ಇಟ್ಟು, ಎಲ್ಲಿ ಎಂದು ಕೇಳಿದೆ. ಬಗ್ಗಿ ನೋಡಿದರೆ ಅಳುತ್ತಿದ್ದರು.

"ಅಕಿಗೆ ದಿನಾ ಹಿಂಗ ಆಗತಿತ್ತು" ಎಂದರು. "ನಾ ಕೈ ಇಟ್ಟಿದ್ದು ಒಂದ ಸಲ."