ಇಬ್ಬರಿಗೂ ಸೇರಿದ ಮೆಮೊರಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಾನು ಮುಂಬಯಿಯ ಪರೇಲಿನ ಒಂದು ಜವಳಿ ಪ್ರಯೋಗಾಲಯದಲ್ಲಿ ಪ್ರೋಗ್ರಾಮರ್ ಆಗಿದ್ದೆ. ಉಡುಪಿ ಬಿಟ್ಟು ಮೂರು ವರ್ಷವಾಗಿತ್ತು. ಕುರ್ಲಾದ ಚಾಳಿನ ಒಂದು ಕೋಣೆಯಲ್ಲಿ ಅಕ್ಕ, ಭಾವನ ಜೊತೆ ವಾಸ. ಫೋರ್ಟಿನ ಹೋಟೆಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಭಾವನಿಗೆ ನನ್ನ ಕೆಲಸ ಏನೆಂದು ಕೊನೆವರೆಗೂ ತಿಳಿಯಲಿಲ್ಲ. ಕೇಳಿದವರಿಗೆಲ್ಲ "ನಮ್ಮ ಹುಡುಗಿಗೆ ಮಿಲ್ಲಿನಲ್ಲಿ ಟೈಪಿಂಗ್ ಕೆಲಸ" ಎಂದುಬಿಡುತ್ತಿದ್ದರು. ನಾನೂ ತಿದ್ದಲು ಹೋಗುತ್ತಿರಲಿಲ್ಲ.

ನಮ್ಮ ಕಂಪ್ಯೂಟರ್ ಮೂರು ಗೋದ್ರೇಜ್ ಕಪಾಟಿನಷ್ಟು ದೊಡ್ಡದು. ಅದರ ಪಕ್ಕದಲ್ಲಿ ನೂಲು ಅಳೆಯುವ ಯಂತ್ರ. ನೂಲು ಎರಡು ಲೋಹದ ತಗಡುಗಳ ನಡುವೆ ಓಡುತ್ತದೆ; ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಅಂಕಿಗಳಾಗಿ ಕಂಪ್ಯೂಟರಿಗೆ ಹೋಗುತ್ತದೆ; ನನ್ನ ಪ್ರೋಗ್ರಾಂ ಆ ಅಂಕಿಗಳಿಂದ ಗ್ರಾಫ್ ಬರೆಯುತ್ತದೆ. ಗ್ರಾಫಿನಲ್ಲಿ ಒಂದೇ ಅಂತರದಲ್ಲಿ ದೋಷ ಮರುಕಳಿಸಿದರೆ ಮಿಲ್ಲಿನ ಯಾವುದೋ ರೋಲರ್ ಸೊಟ್ಟಗಾಗಿದೆ ಎಂದು ಅರ್ಥ.

ಒಂದು ದಿನ ಲಾಲ್‌ಬಾಗ್ ಕಡೆಯ ಮಿಲ್ಲಿನ ಮುದುಕ ಮಾಸ್ತರರು ನೇರವಾಗಿ ನಮ್ಮ ಕೋಣೆಗೇ ಬಂದರು. ಮಿಲ್ಲಿನಲ್ಲಿ ಮಾಸ್ತರ ಎಂದರೆ ಖಾತೆಯ ಮೇಲ್ವಿಚಾರಕ; ಇವರು ನೂಲುವ ಖಾತೆಯಲ್ಲಿ ಜೀವಮಾನ ಕಳೆದವರು. ನಾನು ಕೊಟ್ಟಿದ್ದ ಗ್ರಾಫ್ ಅವರ ಕೈಯಲ್ಲಿತ್ತು. ಅದನ್ನು ನಂಬಿ ಯಂತ್ರ ನಿಲ್ಲಿಸಿ, ರೋಲರ್ ಬಿಚ್ಚಿಸಿ ನೋಡಿದ್ದರಂತೆ.

"ರೋಲರ್ ಏಕದಮ್ ಗೋಲ್ ಹೈ, ಬೇಟಿ," ಎಂದರು. "ಯೇ ತುಮ್ಹಾರಾ ಮಶೀನ್ ಝೂಟ್ ಬೋಲ್ತಾ ಹೈ."

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ರೋಲರ್ ಗುಂಡಗೇ ಇದೆ, ನಿಮ್ಮ ಯಂತ್ರವೇ ಸುಳ್ಳು ಹೇಳುತ್ತಿದೆ ಎಂದು ಅಷ್ಟು ಮೆತ್ತಗೆ ಹೇಳಿದ್ದರಿಂದ ಕಿವಿ ಬಿಸಿಯಾಯಿತು.

ಅವರು ಹೋದ ಮೇಲೆ ಅದೇ ನೂಲನ್ನು ಅರ್ಧ ವೇಗದಲ್ಲಿ ಓಡಿಸಿದೆ. ದೋಷ ರೋಲರಿನದಾಗಿದ್ದರೆ ನೂಲಿನ ಅಷ್ಟೇ ಉದ್ದಕ್ಕೆ ಮತ್ತೆ ಕಾಣಬೇಕು. ಆದರೆ ಅರ್ಧ ಉದ್ದಕ್ಕೇ ಗೂಟದಂತೆ ಎದ್ದು ನಿಂತಿತು! ಅಂದರೆ ದೋಷ ನೂಲಿನಲ್ಲಿ ಇರಲೇ ಇಲ್ಲ. ಅದು ನಮ್ಮ ಕಂಪ್ಯೂಟರಿನೊಳಗಿನ ಗಡಿಯಾರವನ್ನು ಅನುಸರಿಸುತ್ತಿತ್ತು; ವೇಗ ಅರ್ಧವಾದಾಗ ಅದೇ ಹೊತ್ತಿನಲ್ಲಿ ಅರ್ಧ ಉದ್ದದ ನೂಲಷ್ಟೇ ಓಡಿತ್ತು. ತಪ್ಪು ನಮ್ಮದೇ ಎಂದು ಗೊತ್ತಾದಾಗ ಯಾರಿಗಾದರೂ ಅಷ್ಟು ಖುಷಿಯಾಗುತ್ತದೆಯೇ? ನನಗಾಯಿತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಇಡೀ ಕಂಪ್ಯೂಟರನ್ನು ಆಳುವ ಪ್ರೋಗ್ರಾಮಿಗೆ ನಾವು ಎಕ್ಸಿಕ್ಯೂಟಿವ್ ಎನ್ನುತ್ತಿದ್ದೆವು. ಈಗಿನವರು ಕರ್ನಲ್ ಎನ್ನುತ್ತಾರೆ. ಅದರ ಮೆಮೊರಿ ಬೇರೆ, ನಮ್ಮಂಥವರ ಪ್ರೋಗ್ರಾಮುಗಳ ಮೆಮೊರಿ ಬೇರೆ. ನೂಲಿನ ಯಂತ್ರದೊಡನೆ ಮಾತಾಡುವ ಡ್ರೈವರ್ ಎಕ್ಸಿಕ್ಯೂಟಿವ್‌ನ ಭಾಗ. ಅದು ಅಂಕಿಗಳನ್ನು ಮೊದಲು ತನ್ನ ಮೆಮೊರಿಯಲ್ಲಿ ತುಂಬಿಕೊಳ್ಳುತ್ತಿತ್ತು, ಆಮೇಲೆ ಒಂದೊಂದಾಗಿ ನನ್ನ ಮೆಮೊರಿಗೆ ನಕಲು ಮಾಡುತ್ತಿತ್ತು. ನಕಲು ಮಾಡುವಷ್ಟು ಹೊತ್ತು ಯಂತ್ರದ ಕಡೆ ಅದರ ಗಮನವೇ ಇರುತ್ತಿರಲಿಲ್ಲ. ಆಗ ಬಂದ ಅಂಕಿಗಳೆಲ್ಲ ಕಳೆದುಹೋಗಿ, ಅವುಗಳ ಜಾಗದಲ್ಲಿ ಹಿಂದಿನ ಸುತ್ತಿನ ಹಳೆಯ ಅಂಕಿಗಳು ಉಳಿಯುತ್ತಿದ್ದವು. ಗ್ರಾಫಿನಲ್ಲಿ ಮತ್ತೆ ಮತ್ತೆ ಎದ್ದ ಗೂಟ ಅದೇ.

ಎಕ್ಸಿಕ್ಯೂಟಿವ್ ಬರೆದವರು ಧಾರವಾಡ ಕಡೆಯ ಎಂಜಿನಿಯರ್, ನನಗಿಂತ ಹತ್ತು ವರ್ಷ ಹಿರಿಯರು. ನನ್ನನ್ನು ಶಾಲೆಯ ಟೀಚರನ್ನು ಕರೆದ ಹಾಗೆ ಬಾಯಾರು ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಅವರು ಡಬ್ಬಿ ಬಿಚ್ಚುವ ಹೊತ್ತು ನೋಡಿ ಎರಡೂ ಗ್ರಾಫ್ ಮುಂದಿಟ್ಟೆ.

"ಸರ್, ಈ ನಕಲು ಮಾಡುದೇ ಬೇಡ. ಒಂದು ತುಂಡು ಮೆಮೊರಿ ನಿಮ್ಮ ಡ್ರೈವರಿಗೂ ನನ್ನ ಪ್ರೋಗ್ರಾಮಿಗೂ ಒಟ್ಟಿಗೆ ಕಾಣುವ ಹಾಗೆ ಇಟ್ರೆ ಆಗುದಿಲ್ವಾ?"

ಅವರ ಕೈ ರೊಟ್ಟಿಯ ಮೇಲೇ ನಿಂತಿತು. "ಏನ್ರಿ ಬಾಯಾರ! ಎಕ್ಸಿಕ್ಯೂಟಿವ್ ಮೆಮೊರಿ ಯಾರೂ ಮುಟ್ಟಬಾರದು ಅಂತ ನಾ ಎರಡು ವರ್ಷ ಕುಂತು ಗ್ವಾಡಿ ಕಟ್ಟೇನಿ. ನೀವು ಬಂದು ತೂತು ಕೊರೀರಿ ಅಂತೀರಲ್ಲ?"

"ಮುಟ್ಟುದು ಬೇಡ ಸರ್. ನೋಡ್ಲಿಕ್ಕೆ ಬಿಟ್ರೆ ಸಾಕು. ಬರೆಯುದು ನಿಮ್ಮ ಡ್ರೈವರ್, ಓದುದು ಮಾತ್ರ ನಾನು."

ಅವರು ಊಟ ಮುಗಿಸಿ, ಕೈ ತೊಳೆದು ಬಂದು, ನನ್ನ ಗ್ರಾಫಿನ ಹಿಂಬದಿಯಲ್ಲೇ ಪೆನ್ಸಿಲಿನಿಂದ ಒಂದು ಚೌಕ ಬರೆದು ನಡುವೆ ಗೆರೆ ಎಳೆದರು.

"ಎರಡು ಭಾಗ ಮಾಡೂಣು. ಡ್ರೈವರ್ ಒಂದು ತುಂಬತಿರಲಿ, ನೀವು ಇನ್ನೊಂದು ಓದ್ರಿ. ಓದಿ ಮುಗೀತು ಅಂತ ನನಗ ಹೇಳಬೇಕು. ಹೇಳೂತನಕ ಆ ಭಾಗಕ್ಕ ಡ್ರೈವರ್ ಕೈ ಹಚ್ಚಂಗಿಲ್ಲ."

"ನಾನು ಓದಿ ಮುಗಿಸುದ್ರೊಳಗೆ ಅದರ ಭಾಗ ತುಂಬಿಹೋದ್ರೆ?"

"ಆಗ ಸುಮ್ಮ ಕುಂಡ್ರಂಗಿಲ್ಲ, ಅಂಕಿ ಕಳದಾವು ಅಂತ ಒದರತದ. ಸುಳ್ಳು ಗ್ರಾಫ್‌ಗಿಂತ ಅದು ಚಲೋ ಅಲ್ಲೇನು?"

ಒಂದು ವಾರದಲ್ಲಿ ಅವರು ತಮ್ಮ ಭಾಗ ಬರೆದರು, ನಾನು ನನ್ನದು ಬರೆದೆ. ಮೊದಲ ಸಲ ಓಡಿಸಿದಾಗ ಗ್ರಾಫ್ ನದಿಯಂತೆ ಹರಿಯಿತು. ಗೂಟಗಳೆಲ್ಲ ಮಾಯ. ಸಂಭ್ರಮದಲ್ಲಿ ನಾನು ನೂಲು ಇನ್ನೂ ಓಡುತ್ತಿರುವಾಗಲೇ ಪ್ರೋಗ್ರಾಂ ನಿಲ್ಲಿಸಿ ಎದ್ದುಬಿಟ್ಟೆ.

ಸ್ವಲ್ಪ ಹೊತ್ತಿಗೆ ಬಣ್ಣದ ವಿಭಾಗದ ಪಾರ್ಸಿ ಮೇಡಂ ಉದ್ದನೆಯ ಕಾಗದ ಎಳೆದುಕೊಂಡು ಬಂದರು. ಕಂಪ್ಯೂಟರಿನಲ್ಲಿ ನನ್ನ ನಂತರ ಅವರ ಸರದಿಯಿತ್ತು. ನನ್ನನ್ನು ಅವರು ಡೀಕ್ರಿ, ಅಂದರೆ ಮಗಳೇ, ಎನ್ನುತ್ತಿದ್ದರು.

"ಅರೇ ಡೀಕ್ರಿ, ಮೇರೇ ನೀಲೇ ರಂಗ್ ಮೇ ತುಮ್ಹಾರಾ ಧಾಗಾ ಕಾಯಕೋ ಘುಸಾ?"

ನೋಡಿದರೆ ನಿಜ. ಅವರ ನೀಲಿ ಬಣ್ಣದ ಲೆಕ್ಕದ ಮಧ್ಯೆ ನನ್ನ ನೂಲಿನ ಅಂಕಿಗಳು ಸಾಲಾಗಿ ಕೂತಿದ್ದವು. ನನ್ನ ಪ್ರೋಗ್ರಾಂ ಮುಗಿದ ಕೂಡಲೇ ಎಕ್ಸಿಕ್ಯೂಟಿವ್ ಆ ಹಂಚಿದ ಮೆಮೊರಿಯನ್ನು ಖಾಲಿಯೆಂದು ತಿಳಿದು ಮೇಡಂಗೆ ಕೊಟ್ಟಿತ್ತು. ಡ್ರೈವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಪಾಪ ಅಲ್ಲಿಗೇ ನೂಲಿನ ಅಂಕಿ ಸುರಿಯುತ್ತಲೇ ಇತ್ತು.

ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಎಂಜಿನಿಯರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು. ಮೇಡಮ್ಮಿಗೂ ನಗು ತಡೆಯಲಾಗಲಿಲ್ಲ. ಆ ತಣ್ಣನೆಯ ಕೋಣೆಯಲ್ಲಿ ಮೂವರೂ ಕಾಗದ ಹಿಡಿದು ನಕ್ಕದ್ದು ಕೇಳಿ ಹೊರಗಿನವರು ಬಾಗಿಲಲ್ಲಿ ಇಣುಕಿದರು.

"ತಪ್ಪು ನಂದರೀ," ಎಂದರು ಎಂಜಿನಿಯರು, ಕನ್ನಡಕ ಒರೆಸಿಕೊಳ್ಳುತ್ತ. "ಇಬ್ಬರೂ ಕೈ ಬಿಟ್ಟಮ್ಯಾಲೇ ಜಾಗ ಖಾಲಿ ಅನ್ನಬೇಕಾಗಿತ್ತು. ಮೊದಲು ಯಂತ್ರ ನಿಲ್ಲಸಬೇಕು, ಆಮ್ಯಾಲ ಡ್ರೈವರ್ ಬಿಡಬೇಕು, ಕಡೀಕೆ ಎಕ್ಸಿಕ್ಯೂಟಿವ್ ತಗೋಬೇಕು." ಅದೇ ದಿನ ಸರಿಮಾಡಿದರು. ನಾನು ಬೇಕೆಂದೇ ಇಪ್ಪತ್ತು ಸಲ ನಡುವೆ ನಿಲ್ಲಿಸಿ ನೋಡಿದೆ. ಮೇಡಂ ತಮ್ಮ ನೀಲಿಯನ್ನು ಇಪ್ಪತ್ತು ಸಲವೂ ಲೆಕ್ಕ ಹಾಕಿಸಿದರು. ಒಂದು ಎಳೆಯೂ ನುಗ್ಗಲಿಲ್ಲ.

ಮಾಸ್ತರರಿಗೆ ಹೇಳಿ ಕಳಿಸಿದೆವು. ಅವರು ಎರಡು ಬಾಬಿನ್ ನೂಲು ತಂದು ಮೇಜಿನ ಮೇಲಿಟ್ಟು, ಅವು ಯಾವ ಯಂತ್ರದವೆಂದು ಹೇಳದೆ ಕುರ್ಚಿಯಲ್ಲಿ ಕೂತರು. ಮೊದಲನೆಯದರ ಗ್ರಾಫ್ ಸಮವಾಗಿ ಬಂತು. ಎರಡನೆಯದರಲ್ಲಿ ಮತ್ತೆ ಗೂಟಗಳು, ಒಂದೇ ಅಂತರದಲ್ಲಿ! ಎಂಜಿನಿಯರು ಮೆಲ್ಲಗೆ, "ಅರ್ಧ ವೇಗ ಹಚ್ಚಿ ನೋಡ್ರಿ," ಎಂದರು. ವೇಗ ಇಳಿಸಿದೆ. ಗೂಟಗಳು ನೂಲಿನ ಅಷ್ಟೇ ಉದ್ದಕ್ಕೆ, ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಬಂದವು. ಈ ಸಲ ಕೆಟ್ಟದ್ದು ರೋಲರೇ.

"ಮಾಸ್ಟರ್‌ಜೀ," ಎಂದೆ, "ಇಸ್ ಬಾರ್ ರೋಲರ್ ಹೀ ಖರಾಬ್ ಹೈ."

ಮಾಸ್ತರರು ಎದ್ದು ಬಂದು, ಆ ನೂಲನ್ನು ಕಣ್ಣು ಮುಚ್ಚಿ ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯುತ್ತ ಹೋದರು. ಒಂದು ಕಡೆ ಬೆರಳು ನಿಲ್ಲಿಸಿದರು. ಇನ್ನೊಂದು ಕಡೆ ನಿಲ್ಲಿಸಿದರು. ನಾನು ಅಳತೆಪಟ್ಟಿ ಇಟ್ಟು ನೋಡಿದೆ. ಗ್ರಾಫಿನಲ್ಲಿದ್ದ ಅಂತರವೇ! ಹಾಳಾಗಿದೆಯೆಂದು ತಮಗೆ ಗೊತ್ತಿದ್ದ ಯಂತ್ರದ ನೂಲನ್ನೇ ಅವರು ಪರೀಕ್ಷೆಗೆಂದು ತಂದಿದ್ದರು.

"ಅಬ್ ಸಚ್ ಬೋಲಾ," ಎಂದು, ಈಗ ನಿಜ ಹೇಳಿದ ಕಂಪ್ಯೂಟರಿನ ಬೆನ್ನು ತಟ್ಟಿದರು, ಎತ್ತಿನ ಬೆನ್ನು ತಟ್ಟುವ ಹಾಗೆ.

ಮರುವಾರ ಅವರೇ ನನ್ನನ್ನು ಮಿಲ್ಲಿಗೆ ಕರೆಸಿಕೊಂಡರು. ನೂಲು ಎಂದರೆ ಅಂಕಿ ಎಂದುಕೊಂಡಿದ್ದವಳು ಮೊದಲ ಸಲ ಸಾವಿರಾರು ಕದಿರುಗಳು ಒಟ್ಟಿಗೆ ತಿರುಗುವುದನ್ನು ನೋಡಿದೆ. ಆ ಸದ್ದಿನಲ್ಲಿ ಮಾಸ್ತರರು ಏನು ಹೇಳಿದರೂ ಕೇಳುತ್ತಿರಲಿಲ್ಲ. ಬದಲಾಯಿಸಿದ ಹೊಸ ರೋಲರನ್ನು ಬೆರಳಲ್ಲಿ ತೋರಿಸಿದರು, ನಾನು ತಲೆಯಾಡಿಸಿದೆ. ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತ ಹೆಂಗಸು ನನ್ನ ಜಡೆಯತ್ತ ನೋಡಿ ನಕ್ಕಳು. ಮುಟ್ಟಿ ನೋಡಿದರೆ ತಲೆತುಂಬ ಹತ್ತಿಯ ಧೂಳು. ಅವಳೇ ಕೈಚಾಚಿ ಕೊಡವಿದಳು. ಕುರ್ಲಾದಲ್ಲಿ ಇಳಿಯುವವರೆಗೂ ನಾವಿಬ್ಬರೂ ಸುಮ್ಮಸುಮ್ಮನೆ ನಗುತ್ತಲೇ ಇದ್ದೆವು.